ಅರಗಿನ ಮನೆಯ ಎರಡನೆಯ ದಾರಿ

ಅರಗಿನ ಮನೆಯ ಕತೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನಾನು ಒಂದು ಪಾತ್ರದ ಬಳಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. ವಿದುರ ಗುಟ್ಟಾಗಿ ಕಳುಹಿಸಿದ ಖನಕ, ಎಂದರೆ ನೆಲ ಅಗೆಯುವವನು. ಊರಿಗಾಮಿನಲ್ಲಿ ಪಾಠ ಹೇಳುವವನಿಗೆ, ಎದುರಿಗೆ ಗಣಿಗಾರರ ಮೊಮ್ಮಕ್ಕಳು ಕುಳಿತಿರುವಾಗ, ಈ ಪಕ್ಷಪಾತ ಸಹಜವೇ. ವಾರಣಾವತಕ್ಕೆ ಹೊರಟ ಧರ್ಮರಾಯನಿಗೆ ವಿದುರ ಒಗಟಿನ ಮಾತಿನಲ್ಲಿ ಮುಳ್ಳುಹಂದಿಯ ಬಿಲವನ್ನು ನೆನಪಿಸಿದ್ದ. ಖನಕ ಬಂದು ಮನೆಯ ನಡುವೆಯೇ ಸುರಂಗ ತೋಡಿ, ಅದರ ಬಾಯಿಗೆ ನೆಲದ ಮಟ್ಟಕ್ಕೆ ಹಲಗೆ ಮುಚ್ಚಿದ. ಭೀಮನ ತೋಳ್ಬಲ ಆಮೇಲಿನ ಮಾತು. ಪಾಂಡವರು ಉಳಿದದ್ದು ಆ ಎರಡನೆಯ ದಾರಿಯಿಂದ.

ಅದೇ ರಾತ್ರಿ ಒಬ್ಬ ಬೇಡಿತಿಯೂ ಅವಳ ಐವರು ಮಕ್ಕಳೂ ಆ ಮನೆಯಲ್ಲಿ ಉಂಡು, ಕುಡಿದು, ಮೈಮರೆತು ಮಲಗಿದ್ದರು. ಸುರಂಗದ ಸುದ್ದಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಎರಡನೆಯ ದಾರಿ ಬೇಕೆಂಬ ಈ ವಿವೇಕ ಕಾನೂನಾಗಲು ಬಹಳ ಕಾಲ ಹಿಡಿಯಿತು. ಅದೂ ಮೊದಲು ನೆಲದಡಿಗೆ ಬಂದಿತು. ಇಂಗ್ಲೆಂಡಿನ ಹಾರ್ಟ್ಲಿ ಕಲ್ಲಿದ್ದಲ ಗಣಿಗೆ ಇದ್ದದ್ದು ಒಂದೇ ಶಾಫ್ಟು. 1862ರ ಜನವರಿಯಲ್ಲಿ ನೀರೆತ್ತುವ ಯಂತ್ರದ ಭಾರಿ ತೊಲೆ ಮುರಿದು ಅದರೊಳಗೆ ಬಿದ್ದು ದಾರಿ ಮುಚ್ಚಿತು. ಕೆಳಗಿದ್ದವರು ವಿಷಗಾಳಿಗೆ ಸಿಕ್ಕಿದರು. ಸತ್ತವರು 204 ಮಂದಿ. ಗಣಿಗೆ ಎರಡು ದಾರಿ ಇರಲೇಬೇಕೆಂದು ಅದೇ ವರ್ಷ ಅಲ್ಲಿ ಕಾಯಿದೆಯಾಯಿತು. ಜಾನ್ ಟೇಲರ್ ಕಂಪನಿಯವರು ನಮ್ಮ ಕೋಲಾರದ ಚಿನ್ನಕ್ಕೆ ಕೈಹಾಕಿದ್ದು ಇದಾದ ಮೇಲೆ, 1880ರ ಸುಮಾರಿಗೆ. ಭಾರತದ 1961ರ ಲೋಹಗಣಿ ನಿಯಮಗಳೂ ನೆಲದಡಿ ದುಡಿಯುವವನಿಗೆ ಎರಡು ಬೇರೆ ಬೇರೆ ಹೊರದಾರಿಗಳನ್ನು ಕಡ್ಡಾಯ ಮಾಡಿದವು. (ಊರಿಗಾಂ ಎಂಬುದರ ಮೊದಲ ದೀರ್ಘವನ್ನು ಹ್ರಸ್ವ ಮಾಡಿದರೆ ಉರಿಯಾಗುತ್ತದೆ. ಇದು ವ್ಯುತ್ಪತ್ತಿಯಲ್ಲ, ಮೇಷ್ಟರ ಚೇಷ್ಟೆ.)

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರು ಸಾವಿರಾರು. ಅಜ್ಜ ಪಾತಾಳದಲ್ಲಿ ಎರಡು ದಾರಿಯ ನಡುವೆ ದುಡಿದ. ಮೊಮ್ಮಗ ಬಟ್ಟಲು ತೊಳೆಯುವ ಮಹಡಿಯ ಬಾರಿಗೆ ಎಷ್ಟು ಮೆಟ್ಟಿಲಸಾಲು ಇದೆಯೋ! ನನಗೆ ಕಳವಳ ಹುಟ್ಟುವುದು ಇಲ್ಲಿ.

ಅಮೆರಿಕದ ಬಾಸ್ಟನ್ನಿನಲ್ಲಿ 1942ರ ನವೆಂಬರ್ 28ರ ರಾತ್ರಿ ಕೋಕೋನಟ್ ಗ್ರೋವ್ ಎಂಬ ಕ್ಲಬ್ಬು ಉರಿಯಿತು. ಕೃತಕ ತಾಳೆಮರಗಳು, ಬಟ್ಟೆಯ ಮೇಲ್ಕಟ್ಟು ನಿಮಿಷಗಳಲ್ಲಿ ಹತ್ತಿಕೊಂಡವು. ಮುಂಬಾಗಿಲು ಒಂದೇ ಒಂದು ತಿರುಗುಬಾಗಿಲು; ಜನ ನುಗ್ಗಿದ ರಭಸಕ್ಕೆ ಅದು ಸಿಕ್ಕಿಹಾಕಿಕೊಂಡಿತು. ಉಳಿದ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ, ಕೆಲವು ಒಳಮುಖವಾಗಿ ತೆರೆಯುವಂಥವು. 492 ಜನ ಸತ್ತರು. ತಿರುಗುಬಾಗಿಲಿನ ಪಕ್ಕದಲ್ಲಿ ಹೊರಕ್ಕೆ ತೆರೆಯುವ ಬಾಗಿಲೂ ಇರಬೇಕೆಂಬ ನಿಯಮ ಅಲ್ಲಿ ಗಟ್ಟಿಯಾದದ್ದು ಆಮೇಲೆ.

ನಮ್ಮಲ್ಲಿಯೂ ನಿಯಮಕ್ಕೆ ಬಡತನವಿಲ್ಲ. 1970ರಲ್ಲಿ ಮೊದಲು ಪ್ರಕಟವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಇಂದಿನ ಆವೃತ್ತಿ, ಹೊರಬಾಗಿಲನ್ನು ಒಳಗಿನವರು ಬೀಗದ ಕೈಯಿಲ್ಲದೆ ತೆರೆಯುವಂತಿರಬೇಕು ಎನ್ನುತ್ತದೆ. ಆದರೂ 2017ರ ಡಿಸೆಂಬರ್ 29ರಂದು ಮುಂಬಯಿಯ ಕಮಲಾ ಮಿಲ್ಸ್ ಆವರಣದ ಮಾಳಿಗೆಯ ಪಾನಗೃಹಗಳಲ್ಲಿ ಬೆಂಕಿಯೆದ್ದು 14 ಮಂದಿ ತೀರಿಕೊಂಡರು. ಹಲವರು ಶೌಚಗೃಹದಲ್ಲಿ ಅವಿತು ಹೊಗೆಗೆ ಬಲಿಯಾದರು. ಇಂಥಲ್ಲಿ ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ.

ಸರಿಯಾಗಿ ಹತ್ತು ದಿನಕ್ಕೆ, 2018ರ ಜನವರಿ 8ರ ನಸುಕಿನಲ್ಲಿ, ಬೆಂಗಳೂರಿನ ಕಲಾಸಿಪಾಳ್ಯದ ಕುಂಬಾರ ಸಂಘದ ಕಟ್ಟಡದಲ್ಲಿದ್ದ ಬಾರೊಂದು ಹೊತ್ತಿಕೊಂಡಿತು. ಗಿರಾಕಿಗಳೆಲ್ಲ ಮನೆ ಸೇರಿದ್ದರು. ಒಳಗೆ ಮಲಗಿದ್ದವರು ಐವರು ಕೆಲಸಗಾರರು, ಐವರೂ ಸತ್ತರು. ಆ ಸುದ್ದಿ ಓದಿದಾಗ ನನಗೆ ಬೇಡಿತಿಯ ಐವರು ಮಕ್ಕಳು ನೆನಪಾದರು. ಬಾರಿನ ಬೆಂಕಿ ಎಂದೊಡನೆ ನಾವು ಕುಣಿಯುವವರನ್ನೂ ಕುಡಿಯುವವರನ್ನೂ ಚಿತ್ರಿಸಿಕೊಳ್ಳುತ್ತೇವೆ. 2025ರ ಡಿಸೆಂಬರಿನಲ್ಲಿ ಗೋವೆಯ ಅರ್ಪೋರಾದ ರಾತ್ರಿಕ್ಲಬ್ಬು ಉರಿದಾಗ ಸತ್ತವರು 25 ಮಂದಿ. ಅವರಲ್ಲಿ ಹೆಚ್ಚಿನವರು ಅಲ್ಲಿ ಕೆಲಸಕ್ಕಿದ್ದವರು.