ಸಲಹಾ ಪೆಟ್ಟಿಗೆಯ ಚರಿತ್ರೆ: ಬಹುಮಾನದಿಂದ ದಿನಚರಿಗೆ

ಕಾರ್ಖಾನೆಯಲ್ಲಿ ಕೆಲಸಗಾರರ ಸಲಹೆ ಕೇಳುವ ಪದ್ಧತಿ ಜಪಾನಿನದೆಂಬುದು ಸಾಮಾನ್ಯ ನಂಬಿಕೆ. ಆದರೆ ಅದಕ್ಕಿಂತ ಬಹಳ ಹಿಂದೆ, 1880ರಲ್ಲೇ, ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಹಡಗು ಕಟ್ಟುತ್ತಿದ್ದ ವಿಲಿಯಂ ಡೆನ್ನಿ ಅಂಡ್ ಬ್ರದರ್ಸ್ ಇಂಥದೊಂದು ಯೋಜನೆ ತಂದಿತ್ತು. ಹೊಸ ಯಂತ್ರ ರೂಪಿಸಿದವನಿಗಷ್ಟೇ ಅಲ್ಲ, ಅಪಘಾತ ತಪ್ಪಿಸುವ ಉಪಾಯ ಹೇಳಿದವನಿಗೂ ಸಾಮಗ್ರಿ ಪೋಲಾಗುವುದನ್ನು ತಡೆದವನಿಗೂ ಅಲ್ಲಿ ಬಹುಮಾನವಿತ್ತು. ಯೋಚಿಸುವುದು ಮಾಲೀಕನ ಕೆಲಸ, ದುಡಿಯುವುದು ಆಳಿನ ಕೆಲಸ ಎಂದಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಅಮೆರಿಕದ ಕತೆ ಬೇರೆ. ಅಲ್ಲಿ ಔದಾರ್ಯಕ್ಕಿಂತ ಏಟು ಹೆಚ್ಚು ಕೆಲಸ ಮಾಡಿತು. 1894ರಲ್ಲಿ ಒಹಾಯೊದ ಡೇಟನ್‌ನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಗೆ ಇಂಗ್ಲೆಂಡಿನಿಂದ ಸುಮಾರು 50,000 ಡಾಲರ್ ಬೆಲೆಯ ಯಂತ್ರಗಳು ವಾಪಸು ಬಂದವು. ಬಿಚ್ಚಿ ನೋಡಿದರೆ ಕೆಲಸಗಾರರೇ ಒಳಗೆ ಆಸಿಡ್ ಸುರಿದಿದ್ದರು. ಮಾಲೀಕ ಜಾನ್ ಪ್ಯಾಟರ್ಸನ್ ತನ್ನ ಮೇಜನ್ನೇ ಕಾರ್ಖಾನೆಯೊಳಗೆ ಹಾಕಿಸಿಕೊಂಡ. ಕೆಲಸದ ಜಾಗ ಎಷ್ಟು ಕೊಳಕಾಗಿದೆಯೆಂಬುದು ಆಗ ಅವನ ಕಣ್ಣಿಗೆ ಬಿತ್ತು. ಬೆಳಕು, ಗಾಳಿ, ಸ್ವಚ್ಛತೆಯ ಸುಧಾರಣೆಗಳೂ ಸಲಹಾ ಪದ್ಧತಿಯೂ ಆ ಅವಧಿಯಲ್ಲೇ ಬಂದವು. ಮಾತನಾಡಲು ದಾರಿಯಿಲ್ಲದವನು ಆಸಿಡ್ಡಿನಲ್ಲಿ ಮಾತನಾಡಿದ್ದ ಎಂದೇ ನಾನು ಇದನ್ನು ಓದುತ್ತೇನೆ.

ಈಸ್ಟ್‌ಮನ್ ಕೊಡಾಕ್ 1898ರಲ್ಲಿ ಕೊಟ್ಟ ಮೊದಲ ಬಹುಮಾನ ಎರಡು ಡಾಲರ್. ಕಿಟಕಿಗಳನ್ನು ತೊಳೆಸಿದರೆ ಒಳಗೆ ಬೆಳಕು ಹೆಚ್ಚುತ್ತದೆ ಎಂಬುದು ಆ ಸಲಹೆ. ದಿನವೂ ಆ ಕಿಟಕಿಯ ಪಕ್ಕ ಓಡಾಡುವ ಮೇಲಧಿಕಾರಿಗಳಿಗೆ ಅದು ಹೊಳೆದಿರಲಿಲ್ಲ!

1950ರಲ್ಲಿ ಟೊಯೋಟಾದ ಐಜಿ ಟೊಯೋಡಾ ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆಯನ್ನು ನೋಡಿಬಂದರು. ಅಲ್ಲಿನ ಸಲಹಾ ಪದ್ಧತಿಯ ಮಾದರಿಯಲ್ಲಿ ಮರುವರ್ಷವೇ ಟೊಯೋಟಾ ತನ್ನದನ್ನು ಆರಂಭಿಸಿತು. ಮೊದಲ ವರ್ಷ ಬಂದ ಸಲಹೆಗಳು 789. 1986ರ ಹೊತ್ತಿಗೆ ವರ್ಷಕ್ಕೆ 26 ಲಕ್ಷ ದಾಟಿದ್ದವು. ಅಲ್ಲಿ ಬದಲಾದದ್ದು ಸಲಹೆಯ ಗಾತ್ರ. ದೊಡ್ಡ ಆವಿಷ್ಕಾರಕ್ಕೆ ಕಾಯುವ ಬದಲು, ಉಪಕರಣವನ್ನು ಕೈಗೆ ಹತ್ತಿರ ಇಡುವಂಥ ಪುಟ್ಟ ಬದಲಾವಣೆಯನ್ನೂ ದಾಖಲಿಸಿಕೊಂಡರು. ಈ ನಿರಂತರ ಸುಧಾರಣೆಗೆ ಕೈಜೆನ್ ಎಂಬ ಹೆಸರಿನಲ್ಲಿ ಜಗತ್ಪ್ರಸಿದ್ಧಿ ತಂದದ್ದು ಮಸಾಕಿ ಇಮಾಯಿ 1986ರಲ್ಲಿ ಪ್ರಕಟಿಸಿದ ಪುಸ್ತಕ.

ಹಾಗೆಂದು ಲಕ್ಷಗಳ ಲೆಕ್ಕಕ್ಕೆ ಮರುಳಾಗಬೇಕಿಲ್ಲ. ಪತ್ರಕರ್ತ ಸಾತೋಶಿ ಕಮಾಟಾ 1972ರಲ್ಲಿ ಹಂಗಾಮಿ ಕಾರ್ಮಿಕನಾಗಿ ಟೊಯೋಟಾ ಸೇರಿ, ಮೈಮುರಿಯುವ ಕೆಲಸದ ವೇಗವನ್ನು ಒಳಗಿನಿಂದಲೇ ಕಂಡು ಬರೆದರು. ಸಲಹೆ ಕೊಡುವುದೂ ಹಾಜರಿಯಂತೆ ಕಡ್ಡಾಯವಾದರೆ ಅದನ್ನು ಉತ್ಸಾಹ ಎನ್ನಲಾಗದು.

ಭಾರತದಲ್ಲಿ ಗುಂಪಾಗಿ ಕೂತು ಯೋಚಿಸುವ ಕ್ವಾಲಿಟಿ ಸರ್ಕಲ್ ಬಂದದ್ದು 1980ರಲ್ಲಿ, ಹೈದರಾಬಾದಿನ ರಾಮಚಂದ್ರಾಪುರದ ಬಿಎಚ್‌ಇಎಲ್ ಘಟಕದಲ್ಲಿ. ಅದನ್ನು ತಂದ ಎಸ್. ಆರ್. ಉಡುಪ ಅವರ ನೇತೃತ್ವದಲ್ಲಿ 1982ರಲ್ಲಿ ಕ್ವಾಲಿಟಿ ಸರ್ಕಲ್ ಫೋರಂ ಆಫ್ ಇಂಡಿಯಾ ಹುಟ್ಟಿತು.

ಮೇಲಿನ ವಿವರಗಳಲ್ಲಿ ಹೆಚ್ಚಿನವು ಮಾಲೀಕರ ಕಡೆಯ ದಾಖಲೆಗಳಿಂದ ಬಂದವು. ಸಲಹೆಯ ಚೀಟಿ ಬರೆದ ಕೆಲಸಗಾರನ ಮಾತು ಸಿಗುವುದು ಅಪರೂಪ. ಬೆಂಗಳೂರು, ಭದ್ರಾವತಿಯಂಥ ಊರುಗಳ ನಿವೃತ್ತ ಕಾರ್ಮಿಕರ ಮನೆಗಳಲ್ಲಿ ಹಳೆಯ ಸಲಹಾ ಚೀಟಿ, ಪ್ರಶಂಸಾಪತ್ರ, ಕಾರ್ಖಾನೆಯ ಪತ್ರಿಕೆಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ತಿಳಿಸಿ.