ಗಾಡಿಯ ನೆತ್ತಿ ಮೇಲಿನ ಪಟ್ಟಿ ಕುಳ್ಳಗಾದ ಕಥೆ

ಕಾಡುಮೇಡು ಸುತ್ತುವ ಜೀಪಿನ ಟಾಪ್ ಪಕ್ಕದಲ್ಲಿ ಉದ್ದನೆಯ ಕರಿ ಚೀಲವೊಂದು ಅಂಟಿಕೊಂಡಿರುವ ವಿಡಿಯೊಗಳನ್ನು ನೀವೂ ಫೋನಿನಲ್ಲಿ ನೋಡಿರುತ್ತೀರಿ. ಗಾಡಿ ನಿಲ್ಲಿಸಿ, ಚೀಲದ ಜಿಪ್ ಎಳೆದು, ಸುತ್ತಿಟ್ಟ ಬಟ್ಟೆಯನ್ನು ಬಿಚ್ಚಿ ಎರಡು ಕಾಲು ಊರಿದರೆ ಸ್ವಲ್ಪ ಹೊತ್ತಿನಲ್ಲೇ ನೆರಳು ಸಿದ್ಧ. ಇದಕ್ಕೆ ಆವ್ನಿಂಗ್ ಅನ್ನುತ್ತಾರೆ. ನಾವು ಇಲ್ಲಿ ಚಪ್ಪರ ಎಂದೇ ಕರೆಯೋಣ.

ಚಪ್ಪರ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ಹಿಡಿದುಕೊಂಡಿರುವ ಎರಡು ಅಡ್ಡಪಟ್ಟಿಗಳು ಬೀಳುವುದಿಲ್ಲ. ಅವೇ ರೂಫ್ ಬಾರ್. ಒಂದು ಕಾಲದಲ್ಲಿ ಉದ್ದ ಕಾಲಿನ ಮೇಲೆ ಎತ್ತರಕ್ಕೆ ನಿಲ್ಲುತ್ತಿದ್ದ ಈ ಬಾರ್ ಇವತ್ತು ಟಾಪಿಗೆ ಅಂಟಿದಂತೆ ಕೂತಿದೆ. ಅದು ಯಾಕೆ ಕೆಳಗಿಳಿಯಿತು ಎಂಬುದು ಗೊತ್ತಾದರೆ, ಚಪ್ಪರ ಕಟ್ಟಲು ಎಂಥದ್ದನ್ನು ಆರಿಸಬೇಕು ಎಂಬುದೂ ಗೊತ್ತಾಗುತ್ತದೆ. ಇದು ಬರೀ ಅಂದಚೆಂದದ ವಿಷಯವಲ್ಲ. ತಿರುವಿನಲ್ಲಿ ಗಾಡಿ ಪಲ್ಟಿಯಾಗುತ್ತದೋ ಇಲ್ಲವೋ ಎಂಬ ವಿಷಯ.

ಗಟ್ಟಿ ಟಾಪೇ ಇಲ್ಲದ ಕಾಲ

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು 1941ರಲ್ಲಿ ಬಂತು. ಅದಕ್ಕೆ ತಗಡಿನ ಟಾಪ್ ಇರಲಿಲ್ಲ. ಬಗ್ಗಿಸಿದ ಕಬ್ಬಿಣದ ಪೈಪಿನ ಮೇಲೆ ಕ್ಯಾನ್ವಾಸ್ ಹೊದಿಸುತ್ತಿದ್ದರು. ನಮ್ಮ ಕಮಾನು ಬಂಡಿಗೆ ಬಿದಿರು ಬಗ್ಗಿಸಿ ಚಾಪೆ ಕಟ್ಟುತ್ತಿದ್ದರಲ್ಲ, ಹೆಚ್ಚೂಕಡಿಮೆ ಅದೇ ಲೆಕ್ಕ. ಯುದ್ಧ ಮುಗಿದ ಮೇಲೆ ಇದೇ ಜೀಪನ್ನು ಮಹೀಂದ್ರಾ ಕಂಪನಿ ಭಾರತಕ್ಕೆ ತಂದಿತು. ಆ ಜೀಪಿನ ನೆತ್ತಿಯ ಮೇಲೆ ಏನನ್ನೂ ಹೇರುವಂತಿರಲಿಲ್ಲ. ನೆರಳು ಬೇಕಾದವರು ತಾಡಪತ್ರಿಯ ಒಂದು ಬದಿಯನ್ನು ಗಾಡಿಗೆ, ಇನ್ನೊಂದು ಬದಿಯನ್ನು ಗೂಟಕ್ಕೆ ಕಟ್ಟಬೇಕಿತ್ತು.

1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡಾಮ್ ಮೋಟಾರು ಪ್ರದರ್ಶನದಲ್ಲಿ ಬ್ರಿಟನ್ನಿನ ಲ್ಯಾಂಡ್ ರೋವರ್ ಮೊದಲ ಸಲ ಜನರೆದುರು ಬಂತು. ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಗಾಡಿ ಅದು. ಯುದ್ಧದ ನಂತರ ಬ್ರಿಟನ್ನಿನಲ್ಲಿ ಉಕ್ಕಿಗೆ ಬರ ಇದ್ದುದರಿಂದ ಮೈಯನ್ನೆಲ್ಲ ಅಲ್ಯೂಮಿನಿಯಂ ಮಿಶ್ರಲೋಹದ ತಗಡಿನಲ್ಲಿ ಮಾಡಿದರು. ಮುಂದೆ ಗಟ್ಟಿ ಟಾಪಿನ ಮಾದರಿಗಳು ಬಂದವು. ಬಿಸಿಲಿನ ದೇಶಗಳಿಗೆಂದು ಟಾಪಿನ ಮೇಲೆ ಇನ್ನೊಂದು ತಗಡು ಹೊದಿಸಿ, ನಡುವೆ ಗಾಳಿಯಾಡಲು ಜಾಗ ಬಿಟ್ಟ ‘ಟ್ರಾಪಿಕಲ್ ರೂಫ್’ ಕೂಡ ಬಂತು. ಗಾಡಿಗೂ ನೆರಳು ಬೇಕು ಎಂಬುದು ಅವರಿಗೆ ಆಗಲೇ ಅರ್ಥವಾಗಿತ್ತು.

ಮಳೆನೀರಿನ ದೋಣಿಯೇ ಬುನಾದಿ

ಹಂಚಿನ ಮನೆಯ ಸೂರಿನ ಕೆಳಗೆ ಮಳೆನೀರು ಹಿಡಿಯಲು ತಗಡಿನ ದೋಣಿ ಕಟ್ಟುತ್ತೇವಲ್ಲ, ಹಳೆಯ ಕಾರು ಜೀಪುಗಳ ಟಾಪಿನ ಎರಡೂ ಅಂಚಿಗೆ ಅಂಥದ್ದೇ ಸಣ್ಣ ದೋಣಿ ಇರುತ್ತಿತ್ತು. ಬಾಗಿಲು ತೆರೆದಾಗ ನೀರು ತಲೆಗೆ ಬೀಳದಿರಲಿ ಎಂದು ಅದನ್ನು ಮಾಡಿದ್ದು. ಆದರೆ ಅದರಿಂದ ಇನ್ನೊಂದು ಉಪಯೋಗವೂ ಆಯಿತು.

ಟಾಪಿನ ನಡುಭಾಗ ತೆಳು ತಗಡು. ಅಂಗೈ ಊರಿದರೂ ತಗ್ಗುತ್ತದೆ. ದೋಣಿ ಇರುವುದು ಟಾಪೂ ಪಕ್ಕದ ಗೋಡೆಯೂ ಕೂಡುವ ಬೆಸುಗೆಯ ಸಾಲಿನಲ್ಲಿ. ಅಲ್ಲಿ ಬಿದ್ದ ಭಾರ ನೇರವಾಗಿ ಕಂಬಗಳಿಗೆ ಇಳಿಯುತ್ತದೆ. ಹೀಗಾಗಿ ಕ್ಯಾರಿಯರ್ ಮಾಡುವವರು ಅದರ ಕಾಲುಗಳನ್ನು ದೋಣಿಯಲ್ಲಿ ಊರಿ, ಕೆಳಗಿನಿಂದ ಕ್ಲಾಂಪ್ ಹಾಕಿ ಬೋಲ್ಟ್ ಬಿಗಿದರು. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರು ನೆನಪಿದ್ದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮದುವೆಯ ಟ್ರಂಕು, ಹಾಸಿಗೆ ಸುರುಳಿಗಳನ್ನೆಲ್ಲ ಹೊತ್ತ ಕ್ಯಾರಿಯರಿನ ಕಾಲು ನಿಂತಿದ್ದು ಆ ದೋಣಿಯ ಮೇಲೆಯೇ.

1955ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಆರು ಯುವಕರು ಎರಡು ಲ್ಯಾಂಡ್ ರೋವರ್‌ಗಳಲ್ಲಿ ಲಂಡನ್ನಿನಿಂದ ಹೊರಟರು. ಭಾರತ, ಬರ್ಮಾಗಳನ್ನು ಹಾದು 1956ರ ಮಾರ್ಚ್‌ನಲ್ಲಿ ಸಿಂಗಪುರ ಮುಟ್ಟಿದರು. ಇಂಥ ಪ್ರಯಾಣಗಳು ದೂರ ಹೋಗುವ ಗಾಡಿಯ ಒಂದು ಚಿತ್ರವನ್ನು ಜನರ ಮನಸ್ಸಿನಲ್ಲಿ ಅಚ್ಚೊತ್ತಿದವು: ನೆತ್ತಿಯ ಮೇಲೆ ಕಬ್ಬಿಣದ ಕ್ಯಾರಿಯರ್, ಅದರ ತುಂಬ ಡಬ್ಬಿ, ಟೈರು, ಗಂಟುಮೂಟೆ.

ಸ್ವೀಡನ್ನಿನಲ್ಲಿ ದಾರಿ ಬೇರೆ ಇತ್ತು. 1942ರಲ್ಲಿ ಎರಿಕ್ ತುಲಿನ್ ಎಂಬುವರು ಮೀನು ಹಿಡಿಯುವ ಬೋನು ಮಾರುತ್ತ ಶುರುಮಾಡಿದ ತೂಲೆ ಕಂಪನಿ 1960ರ ದಶಕದಲ್ಲಿ ಕಾರಿನ ಕ್ಯಾರಿಯರ್‌ಗೆ ಕೈಹಾಕಿತು. ಅಲ್ಲಿನವರಿಗೆ ಬೇಕಿದ್ದದ್ದು ಹಿಮದಲ್ಲಿ ಜಾರುವ ಸ್ಕೀ ಹಲಗೆ ಸಾಗಿಸುವ ಅನುಕೂಲ. ಅದಕ್ಕೆ ದೊಡ್ಡ ಚೌಕಟ್ಟು ಬೇಡ, ಎರಡು ಅಡ್ಡಪಟ್ಟಿ ಸಾಕು. ಇವತ್ತಿನ ರೂಫ್ ಬಾರ್ ಈ ಸಾಲಿನದು.

ಆಸ್ಟ್ರೇಲಿಯಾದ ಮಣ್ಣಿನ ರಸ್ತೆ ಕಲಿಸಿದ್ದು

ಗಾಡಿಗೆ ಚಪ್ಪರ ಕಟ್ಟುವ ರೂಢಿ ಬಲವಾಗಿ ಬೇರೂರಿದ ದೇಶಗಳಲ್ಲಿ ಆಸ್ಟ್ರೇಲಿಯಾ ಒಂದು. ಒಳನಾಡಿನಲ್ಲಿ ನೂರಾರು ಕಿಲೋಮೀಟರ್ ಹೋದರೂ ಒಂದು ಮರದ ನೆರಳು ಸಿಗದ ಜಾಗಗಳಿವೆ. ಅಲ್ಲಿನ ಮಣ್ಣಿನ ರಸ್ತೆಗಳು ಶೀಟಿನ ಮಾಡಿನಂತೆ ಅಲೆಅಲೆಯಾಗಿರುತ್ತವೆ. ಗಂಟೆಗಟ್ಟಲೆ ಒಂದೇ ಸಮನೆ ನಡುಗಿದರೆ ಬೋಲ್ಟು ಸಡಿಲವಾಗುತ್ತದೆ, ಬೆಸುಗೆ ಬಿರಿಯುತ್ತದೆ. ಮೆಲ್ಬರ್ನ್‌ನಲ್ಲಿ ಟೋನಿ ಬ್ರೌನ್ 1975ರಲ್ಲಿ ಎಆರ್‌ಬಿ ಕಂಪನಿ ಕಟ್ಟಿದ್ದು ಇಂಥ ರಸ್ತೆ ತಾಳುವ ಸಾಮಾನು ಮಾಡಲೆಂದೇ.

ಆ ಕಾಲದ ಕ್ಯಾರಿಯರ್‌ಗೆ ಎರಡು ತೊಂದರೆ ಇದ್ದವು. ಒಂದು, ಅದರ ಸ್ವಂತ ತೂಕ. ಉಕ್ಕಿನ ದೊಡ್ಡ ಚೌಕಟ್ಟೇ 30–40 ಕೆಜಿ ತೂಗುತ್ತಿತ್ತು. ಎರಡು, ಅದರ ಎತ್ತರ. ದೋಣಿ ಟಾಪಿನ ಅಂಚಿನಲ್ಲಿ ಕೆಳಗಿರುತ್ತದೆ, ಟಾಪಿನ ನಡುಭಾಗ ಉಬ್ಬಿರುತ್ತದೆ. ಆ ಉಬ್ಬನ್ನು ದಾಟಲು ಉದ್ದ ಕಾಲು ಬೇಕು. ಕಾಲು ಉದ್ದವಾದಷ್ಟೂ ಭಾರ ಮೇಲೇರುತ್ತದೆ.

ಹುಲ್ಲು ಹೇರಿದ ಎತ್ತಿನ ಗಾಡಿ ಓಡಿಸಿದವರಿಗೆ ಮುಂದಿನದು ಗೊತ್ತು. ಅಡಿಯಲ್ಲಿ ಹೇರಿದ ಭಾರ ಗಾಡಿಯನ್ನು ನೆಲಕ್ಕೆ ಒತ್ತುತ್ತದೆ. ನೆತ್ತಿಯಲ್ಲಿ ಹೇರಿದ ಭಾರ ಒಂದು ಚಕ್ರ ಗುಂಡಿಗಿಳಿದ ಕೂಡಲೇ ಪಕ್ಕಕ್ಕೆ ಎಳೆಯುತ್ತದೆ.

ದೋಣಿ ಮಾಯವಾಯಿತು, ಬಾರ್ ಕೆಳಗಿಳಿಯಿತು

1973ರ ತೈಲ ಬಿಕ್ಕಟ್ಟಿನ ಮೇಲೆ ಕಾರು ಮಾಡುವವರು ಇಂಧನ ಉಳಿಸುವ ದಾರಿ ಹುಡುಕಿದರು. ಗಾಳಿಗೆ ಅಡ್ಡ ಬರುವ ಒಂದೊಂದೇ ಅಂಚನ್ನು ಸವರಿ ನುಣುಪು ಮಾಡಿದರು. 1982ರಲ್ಲಿ ಬಂದ ಆಡಿ 100 ಕಾರು ಈ ನುಣುಪಿಗೆ ಹೆಸರಾಯಿತು. ಆ ದಶಕದಲ್ಲಿ ಹೊಸ ಕಾರುಗಳಿಂದ ಮಳೆನೀರಿನ ದೋಣಿ ಕಾಣೆಯಾಗುತ್ತ ಬಂತು.

ಕಾಲೂರಲು ದೋಣಿ ಇಲ್ಲವೆಂದ ಮೇಲೆ ಬೇರೆ ಜಾಗ ಬೇಕಾಯಿತು. ಕೆಲವರು ಬಾಗಿಲ ಚೌಕಟ್ಟಿಗೆ ಕೊಕ್ಕೆ ಹಾಕಿದರು. ಕೆಲವು ಗಾಡಿಗಳಿಗೆ ಟಾಪಿನ ಉದ್ದಕ್ಕೂ ಕಂಬಿ ಬಂತು. ಇನ್ನು ಕೆಲವಕ್ಕೆ ಕಾರ್ಖಾನೆಯಲ್ಲೇ ಟಾಪಿನೊಳಗೆ ಮರೆ ಇರುವ ತೂತು ಕೊಟ್ಟು, ಅಲ್ಲಿಗೇ ಬೋಲ್ಟ್ ಬಿಗಿಯುವಂತೆ ಮಾಡಿದರು. ಟಾಪಿಗೇ ನೇರ ಬೋಲ್ಟ್ ಹಾಕಿದಾಗ ಉದ್ದ ಕಾಲಿನ ಅಗತ್ಯ ಇರುವುದಿಲ್ಲ. ಬಾರ್ ಕುಳ್ಳಗಾದದ್ದು ಹೀಗೆ.

ಬಾರಿನ ರೂಪವೂ ಬದಲಾಯಿತು. ಚೌಕಾಕಾರದ ಉಕ್ಕಿನ ಪೈಪಿನ ಜಾಗಕ್ಕೆ ಗಾಳಿ ಸೀಳುವ ಆಕಾರದ ಅಲ್ಯೂಮಿನಿಯಂ ಪಟ್ಟಿ ಬಂತು. ಅದರ ಉದ್ದಕ್ಕೂ ಒಂದು ಸ್ಲಾಟ್. ಬೋಲ್ಟಿನ ತಲೆಯನ್ನು ಅದರೊಳಗೆ ಜಾರಿಸಿ, ಚಪ್ಪರದ ಬ್ರಾಕೆಟ್ ಬೇಕಾದಲ್ಲಿ ಬಿಗಿಯಬಹುದು. ಮೊದಲಿನಂತೆ ಸರಿಗೆ, ಹಗ್ಗ ಸುತ್ತುವ ಕೆಲಸವಿಲ್ಲ.

ದೋಣಿ ಪೂರ್ತಿ ಸತ್ತಿಲ್ಲ. 1984ರಲ್ಲಿ ಬಂದ ಟೊಯೋಟಾ ಲ್ಯಾಂಡ್ ಕ್ರೂಸರ್ 70 ಸರಣಿ ಇವತ್ತಿಗೂ ಆಸ್ಟ್ರೇಲಿಯಾದಲ್ಲಿ ದೋಣಿ ಇಟ್ಟುಕೊಂಡೇ ಮಾರಾಟವಾಗುತ್ತಿದೆ. 2023ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಮಾರುತಿ ಜಿಮ್ನಿಯ ಟಾಪ್ ಅಂಚನ್ನು ಬೆರಳಿನಲ್ಲಿ ಸವರಿ ನೋಡಿ, ಅದೇ ಹಳೆಯ ದೋಣಿ ಸಿಗುತ್ತದೆ.

ಎರಡು ಅಂಕಿ, ಎರಡು ಅರ್ಥ

ಟಾಪ್ ಎಷ್ಟು ಭಾರ ತಾಳುತ್ತದೆ ಎಂಬುದನ್ನು ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತಾರೆ. ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ಗೆ ಒಳ್ಳೆಯ ರಸ್ತೆಯಲ್ಲಿ 150 ಕೆಜಿ, ಕಚ್ಚಾ ದಾರಿಯಲ್ಲಿ 75 ಕೆಜಿ ಮಿತಿ. ಅದೇ ಗಾಡಿ, ಅದೇ ಟಾಪ್. ರಸ್ತೆ ಕೆಟ್ಟರೆ ಮಿತಿ ಅರ್ಧಕ್ಕೆ ಇಳಿಯುತ್ತದೆ. ಈಗಿನ ಹೊಸ ಡಿಫೆಂಡರ್‌ಗೆ ನಿಂತಾಗ 300 ಕೆಜಿ, ಓಡುವಾಗ ಹೆಚ್ಚೆಂದರೆ 168 ಕೆಜಿ. ಟಾಪ್ ಮೇಲೆ ಗುಡಾರ ಹಾಕಿ ಮಲಗುವವರಿಗೆ ಮೊದಲ ಅಂಕಿ, ಓಡಿಸುವವರಿಗೆ ಎರಡನೆಯದು. ಅಂಗಡಿಯವರು ದೊಡ್ಡ ಅಂಕಿ ಹೇಳಿದರೆ ‘ಇದು ನಿಂತಾಗಲೋ, ಓಡುವಾಗಲೋ?’ ಎಂದು ಕೇಳಿ.

ಈ ಮಿತಿಯಲ್ಲಿ ಬಾರ್, ಬ್ರಾಕೆಟ್, ಚಪ್ಪರ ಎಲ್ಲದರ ತೂಕವೂ ಸೇರುತ್ತದೆ. ಮೂರು ಬಾಗಿಲಿನ ಜಿಮ್ನಿಗೆ ಕೊಟ್ಟಿರುವ ಮಿತಿ 30 ಕೆಜಿ. ಬಾರ್‌ಗಳು 6 ಕೆಜಿ, ಚಪ್ಪರ 13 ಕೆಜಿ ಎಂದಿಟ್ಟುಕೊಳ್ಳಿ. ಉಳಿಯುವುದು 11 ಕೆಜಿ. ಒಂದು ಸ್ಟೆಪ್ನಿ ಟೈರಿಗೂ ಅಲ್ಲಿ ಜಾಗವಿಲ್ಲ.

ಆರಿಸುವಾಗ ನೋಡಬೇಕಾದ್ದು

ಮೊದಲು ಕೈಪಿಡಿಯ ಅಂಕಿ. ಆಮೇಲೆ ಬಾರಿನ ಮಿತಿ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಲೆಕ್ಕ. ಬಾರ್ 100 ಕೆಜಿ ತಾಳುತ್ತದೆ ಎಂದಮಾತ್ರಕ್ಕೆ ಟಾಪ್ ತಾಳುವುದಿಲ್ಲ.

ನಂತರ ಕಾಲೂರುವ ಜಾಗ. ದೋಣಿಯೋ, ಕಂಬಿಯೋ, ಮರೆಯ ತೂತೋ ನೋಡಿ. ಗಾಡಿಗೆ ತಕ್ಕ ಕಾಲನ್ನೇ ತನ್ನಿ. ಕಾರ್ಖಾನೆ ಕೊಟ್ಟ ತೂತು ಬಿಟ್ಟು ಹೊಸದಾಗಿ ಟಾಪ್ ಕೊರೆದರೆ ಮಳೆನೀರು, ತುಕ್ಕು ಎರಡನ್ನೂ ಮನೆಗೆ ಕರೆದಂತೆ.

ಮೂರನೆಯದು ಬಾರುಗಳ ನಡುವಿನ ಅಂತರ. ಎರಡು ಮೀಟರ್‌ಗೂ ಉದ್ದದ ಚಪ್ಪರವನ್ನು ಹತ್ತಿರ ಹತ್ತಿರದ ಎರಡು ಬಾರಿಗೆ ಕಟ್ಟಿದರೆ ತುದಿಗಳು ಕುಣಿಯುತ್ತವೆ. ಜಾಗ ಇದ್ದಷ್ಟೂ ದೂರ ಇಡಿ, ಚಪ್ಪರ ಭಾರವಿದ್ದರೆ ಮೂರನೇ ಬಾರ್ ಹಾಕಿ.

ನಾಲ್ಕನೆಯದು, ಕುಳ್ಳ ಬಾರಿನದೇ ಒಂದು ಕಿರಿಕಿರಿ. ಚಪ್ಪರ ಕೆಳಗೆ ಕೂತಷ್ಟೂ ಬಾಗಿಲಿಗೆ ಹತ್ತಿರವಾಗುತ್ತದೆ. ಬಿಗಿಯುವ ಮೊದಲು ಎಲ್ಲ ಬಾಗಿಲನ್ನೂ ಪೂರ್ತಿ ತೆರೆದು, ತಾಗುತ್ತದೆಯೇ ನೋಡಿ. ತಾಗಿದರೆ ಬ್ರಾಕೆಟ್ ಬದಲಿಸಿ. ಅದಕ್ಕಾಗಿ ಎತ್ತರದ ಕಾಲು ತರಲು ಹೋಗಬೇಡಿ.

ಕೊನೆಯದು ಗಾಳಿ. 2 ಮೀಟರ್ ಅಗಲ, 2.5 ಮೀಟರ್ ಉದ್ದದ ಚಪ್ಪರ ಅಂದರೆ 5 ಚದರ ಮೀಟರ್ ಬಟ್ಟೆ. ಗಂಟೆಗೆ 40 ಕಿಮೀ ಗಾಳಿ ಅದನ್ನು ನೇರವಾಗಿ ತಳ್ಳಿದರೆ ಒತ್ತಡ ಸುಮಾರು 37 ಕೆಜಿ ಭಾರಕ್ಕೆ ಸಮ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಆ ಎಳೆತವೆಲ್ಲ ಬಾರಿನ ತುದಿಗೆ ಬೀಳುತ್ತದೆ. ಕಾಲಿಗೆ ಗೂಟ, ಹಗ್ಗ ಕಟ್ಟಿ. ಗಾಳಿ ಎದ್ದರೆ ಸುತ್ತಿಡಿ. ಕಚ್ಚಾ ದಾರಿಯಲ್ಲಿ ಹೋಗಿಬಂದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ರೂಪ ಬದಲಿಸುವುದಕ್ಕೆ ಅಡ್ಡ ಬರುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ದುಡ್ಡು ಸುರಿಯುವ ಮೊದಲು ಆರ್‌ಟಿಒ ಕಚೇರಿಯಲ್ಲೊಮ್ಮೆ ವಿಚಾರಿಸುವುದು ಒಳ್ಳೆಯದು.

ಜಾತ್ರೆಯ ದಿನದ ಲೆಕ್ಕ

‘ಚಪ್ಪರದ ಜೀಪು ನಮ್ಮೂರಲ್ಲಿ ಎಷ್ಟಿವೆ?’ ಎಂದು ನೀವು ಕೇಳಬಹುದು. ಹೆಚ್ಚಿಲ್ಲ, ನಿಜ. ಆದರೆ ಜಾತ್ರೆ, ಮದುವೆ, ಸಂತೆಯ ದಿನ ಟಾಪ್ ಮೇಲೆ ಜನ ಕೂತು ಹೋಗುವ ಜೀಪು, ಟ್ರ್ಯಾಕ್ಸ್‌ಗಳನ್ನು ನಾವೆಲ್ಲ ನೋಡಿದ್ದೇವೆ. ಆರು ಜನ ಕೂತರೂ 300 ಕೆಜಿ ದಾಟುತ್ತದೆ. ಕಾಡು ದಾರಿಗೆಂದೇ ಮಾಡಿದ ಹಳೆಯ ಡಿಫೆಂಡರ್‌ಗೆ ಕಚ್ಚಾ ದಾರಿಯಲ್ಲಿ ಕೊಟ್ಟಿದ್ದ ಮಿತಿ ಅದರ ಕಾಲು ಭಾಗ. ಟ್ರಂಕಾದರೆ ಕಟ್ಟಿದಲ್ಲೇ ಇರುತ್ತದೆ. ಮನುಷ್ಯರು ತಿರುವಿನಲ್ಲಿ ಒಂದೇ ಕಡೆಗೆ ವಾಲುತ್ತಾರೆ.

ಬಾರ್ ಮಾಡುವವರು ಒಂದೊಂದು ಇಂಚು ಕೆಳಗಿಳಿಸಲು ದಶಕಗಳ ಕಾಲ ತಲೆ ಕೆಡಿಸಿಕೊಂಡರು. ನಾವು ಒಂದು ಜಾತ್ರೆಯ ದಿನ ಆ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತೇವೆ. ನಿಮ್ಮೂರಿನ ಗಾಡಿಯ ಕೈಪಿಡಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಮಡಚಿ ಬಿದ್ದಿರುತ್ತದೆ. ಮುಂದಿನ ಜಾತ್ರೆಗೆ ಮೊದಲು ಅದನ್ನು ತೆಗೆದು, ಟಾಪಿನ ಮಿತಿ ಎಷ್ಟೆಂದು ಡ್ರೈವರ್ ಅಣ್ಣನಿಗೂ ಓದಿ ಹೇಳಿ.