ಕ್ಯೂ ಕೋಲಿನ ಆಯ್ಕೆ: ಕ್ಲಬ್ಬಿನ ಗೋಡೆಯಿಂದ ರಬಾಳೆಯವರೆಗೆ

ಕನ್ನಡದಲ್ಲಿ ‘ಕ್ಯೂ’ ಎಂದರೆ ಪಡಿತರ ಅಂಗಡಿಯ ಮುಂದಿನ ಸಾಲು ಎಂಬುದೇ ರೂಢಿಯ ಅರ್ಥವಾದರೂ, ಬಿಲಿಯರ್ಡ್ಸ್, ಸ್ನೂಕರ್ ಮತ್ತು ಪೂಲ್ ಆಟಗಳಲ್ಲಿ ಚೆಂಡನ್ನು ಹೊಡೆಯುವ ಕೋಲಿಗೂ ಅದೇ ಹೆಸರಿದೆ. ಎರಡೂ ಹುಟ್ಟಿದ್ದು ‘ಬಾಲ’ ಎಂಬ ಅರ್ಥದ ಒಂದೇ ಫ್ರೆಂಚ್ ಪದದಿಂದ. 17ನೆಯ ಶತಮಾನದ ಯುರೋಪಿನಲ್ಲಿ ಚೆಂಡನ್ನು ತಳ್ಳಲು ಬಳಸುತ್ತಿದ್ದುದು ‘ಮೇಸ್’ ಎಂಬ, ತುದಿಯಲ್ಲಿ ಮರದ ದಪ್ಪ ತಲೆಯಿದ್ದ ಸಲಕರಣೆಯನ್ನು. ಚೆಂಡು ಮೇಜಿನ ಅಂಚಿಗೆ ಒತ್ತಿ ನಿಂತಾಗ ಆ ತಲೆ ಅಲ್ಲಿಗೆ ಸರಿಯಾಗಿ ತಾಗದೆ, ಆಟಗಾರರು ಮೇಸನ್ನು ಹಿಂದುಮುಂದಾಗಿ ಹಿಡಿದು ಅದರ ಹಿಡಿಕೆಯಿಂದ, ಅಂದರೆ ಬಾಲದಿಂದ, ಹೊಡೆಯತೊಡಗಿದರು. ಆ ಬಾಲವೇ ಕಾಲಕ್ರಮೇಣ ಬೇರೆ ಕೋಲಾಗಿ ಬೆಳೆದು, ತಲೆಯಿದ್ದ ಮೂಲ ಸಲಕರಣೆ ಬಳಕೆಯಿಂದ ಮರೆಯಾಯಿತು.

ಬರಿಯ ಮರದ ತುದಿ ನುಣುಪಾದ ಚೆಂಡಿನ ಮೇಲೆ ಜಾರುತ್ತಿದ್ದುದರಿಂದ ಆಗ ಚೆಂಡಿನ ನಟ್ಟನಡುವೆ ಹೊಡೆಯುವುದಲ್ಲದೆ ಬೇರೆ ದಾರಿಯಿರಲಿಲ್ಲ. ಫ್ರೆಂಚ್ ಸೇನಾಧಿಕಾರಿ ಫ್ರಾಂಸ್ವಾ ಮಿಂಗೋ ಸೆರೆಮನೆಯಲ್ಲಿದ್ದಾಗ ಕೋಲಿನ ತುದಿಗೆ ಚರ್ಮದ ಬಿಲ್ಲೆ ಅಂಟಿಸುವ ಉಪಾಯವನ್ನು ರೂಢಿಗೆ ತಂದನೆಂದು ಆಟದ ಚರಿತ್ರಕಾರರು ಹೇಳುತ್ತಾರೆ, ಅದರ ಕಾಲವನ್ನು ಸಾಮಾನ್ಯವಾಗಿ 1807 ಎಂದು ಗುರುತಿಸುತ್ತಾರೆ. ಮೊನೆ ಅಥವಾ ‘ಟಿಪ್’ ಎಂದು ಕರೆಯುವ ಈ ಬಿಲ್ಲೆಯೂ, ಅದಕ್ಕೆ ಉಜ್ಜುವ ‘ಚಾಕ್’ ಎಂಬ ಪುಡಿಗಟ್ಟಿಯೂ ಸೇರಿದ ಮೇಲೆ, ಚೆಂಡನ್ನು ನಡುವಿನಿಂದ ಆಚೀಚೆ ತಾಗಿಸಿ ಗಿರಕಿ ಹೊಡೆಸುವುದು ಸಾಧ್ಯವಾಯಿತು. (ಇಂದಿನ ಚಾಕ್‌ನಲ್ಲಿ ಸುಣ್ಣಕ್ಕಿಂತ ಸಿಲಿಕಾ ಎಂಬ ಮರಳಿನ ಅಂಶವೇ ಪ್ರಧಾನ, ಶಾಲೆಯ ಸೀಮೆಸುಣ್ಣ ಇಲ್ಲಿ ಕೆಲಸಕ್ಕೆ ಬಾರದು.) ಒಂದು ಕೋಲಿಗೂ ಇನ್ನೊಂದಕ್ಕೂ ಕೈಗೆ ಗೊತ್ತಾಗುವಂಥ ವ್ಯತ್ಯಾಸ ಹುಟ್ಟಿದ್ದು ಆಗಲೇ, ಮತ್ತು ಅದರ ಬೆನ್ನಿಗೇ ಕೋಲು ಮಾಡುವವರ ಹೆಸರಿಗೆ ಬೆಲೆ ಬಂದದ್ದು.

19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಹೆಸರುಗಳೆಲ್ಲ ಮೊದಲಿಗೆ ಮೇಜು ಮಾಡುವವರವು. ಲಂಡನ್ನಿನ ಥರ್ಸ್‌ಟನ್ ಮತ್ತು ಬರೋಸ್ ಅಂಡ್ ವಾಟ್ಸ್, ಮ್ಯಾಂಚೆಸ್ಟರಿನ ಓರ್ಮ್, ಅಕ್ರಿಂಗ್ಟನ್ನಿನ ರೈಲಿ ಮುಂತಾದ ಮನೆತನಗಳು ಕಲ್ಲುಹಾಸಿನ ಭಾರೀ ಮೇಜನ್ನು ಮಾರುವಾಗ, ಅದರೊಂದಿಗೆ ಕೋಲುಗಳನ್ನೂ ಅವುಗಳನ್ನು ನಿಲ್ಲಿಸುವ ಮರದ ಚೌಕಟ್ಟನ್ನೂ ಸೇರಿಸಿ ಕೊಡುತ್ತಿದ್ದವು. ಹೀಗಾಗಿ ಯಾರ ಕೋಲು ಎಂಬ ಪ್ರಶ್ನೆ ಆಟಗಾರನ ಮುಂದೆ ಬರುತ್ತಲೇ ಇರಲಿಲ್ಲ. ಅದನ್ನು ಕ್ಲಬ್ಬಿನ ಆಡಳಿತ ಮಂಡಳಿ, ಮೇಜಿಗೆ ಹಣ ಕೊಟ್ಟ ದಿನವೇ, ಎಲ್ಲರ ಪರವಾಗಿ ತೀರ್ಮಾನಿಸಿಬಿಟ್ಟಿರುತ್ತಿತ್ತು.

ಭಾರತಕ್ಕೆ ಈ ಆಟ ಬಂದದ್ದು ಸೇನೆಯ ಮೆಸ್ಸುಗಳ ಮತ್ತು ಕ್ಲಬ್ಬುಗಳ ಮೂಲಕ. ಬಂದದ್ದಷ್ಟೇ ಅಲ್ಲ, ಅದರ ಒಂದು ಮುಖ್ಯ ಕವಲು ಹುಟ್ಟಿದ್ದೂ ಇಲ್ಲಿಯೇ: 1875ರಲ್ಲಿ ಜಬಲ್ಪುರದ ಅಧಿಕಾರಿಗಳ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಯುವ ಅಧಿಕಾರಿ ಬಣ್ಣದ ಚೆಂಡುಗಳನ್ನು ಸೇರಿಸಿ ರೂಪಿಸಿದ ಸ್ನೂಕರ್, 1882ರಲ್ಲಿ ಮೈಸೂರು ಸೀಮೆಗೆ ತಗಲಿಕೊಂಡಂತಿರುವ ಊಟಿಯ ಕ್ಲಬ್ಬಿನ ಗೋಡೆಯ ಮೇಲೆ ತನ್ನ ನಿಯಮಗಳನ್ನು ಕಂಡಿತು. ಬೆಂಗಳೂರಿನಲ್ಲಿ 1868ರಲ್ಲಿ ಆರಂಭವಾದ ಸೇನಾಧಿಕಾರಿಗಳ ಕ್ಲಬ್ಬಿನಲ್ಲಿ ಭಾರತೀಯರಿಗೆ ಪ್ರವೇಶವಿರಲಿಲ್ಲ. ಆ ಕೊರತೆಯನ್ನು ನೀಗಲೆಂದೇ ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ 1917ರಲ್ಲಿ ಸೆಂಚುರಿ ಕ್ಲಬ್ ಹುಟ್ಟಿತು. ಮುಂಬಯಿಯಲ್ಲಿ ಇದೇ ಕಾರಣಕ್ಕೆ ಪಾರ್ಸಿ ಜಿಮ್ಖಾನಾ 1885ರಲ್ಲಿ, ಹಿಂದೂ ಜಿಮ್ಖಾನಾ 1894ರಲ್ಲಿ ತಲೆಯೆತ್ತಿದವು. ಜನಾಂಗ ಬೇರೆಯಾದರೂ ಬಿಲಿಯರ್ಡ್ಸ್ ಕೋಣೆಯ ವ್ಯವಸ್ಥೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ನಡುವೆ 12 ಅಡಿ ಉದ್ದ, 6 ಅಡಿ ಅಗಲದ ಮೇಜು, ಗೋಡೆಗೆ ಸಾಲಾಗಿ ನಿಂತ ಕೋಲುಗಳು, ಮತ್ತು ಅವುಗಳ ಪಕ್ಕದಲ್ಲಿ ‘ಮಾರ್ಕರ್’.

ಈ ಮಾರ್ಕರ್ ಎಂಬವನ ಬಗ್ಗೆ ಇನ್ನಷ್ಟು ಬರೆಯಬೇಕಾಗಿತ್ತು ಎಂದು ಆಟದ ಚರಿತ್ರೆಯನ್ನು ಓದಿದವರಿಗೆ ಅನಿಸದಿರದು. ಹೆಸರಿಗೆ ಅವನು ಅಂಕ ಗುರುತು ಹಾಕುವ ನೌಕರ. ಆದರೆ ಸದಸ್ಯರಿಗೆ ಆಟ ಕಲಿಸುವವನೂ, ಜೊತೆಗಾರ ಬಾರದ ದಿನ ಎದುರು ನಿಂತು ಆಡುವವನೂ, ಮೇಜಿನ ಬಟ್ಟೆಗೆ ಇಸ್ತ್ರಿ ಹಾಕುವವನೂ ಅವನೇ. ಕೋಲಿನ ಮಟ್ಟಿಗಂತೂ ಅವನ ಕೈಯೇ ಕೊನೆಯ ಮಾತು. ಸವೆದ ಮೊನೆಯನ್ನು ಬ್ಲೇಡಿನಿಂದ ಕಿತ್ತು, ಕೋಲಿನ ತುದಿಯ ಹಿತ್ತಾಳೆ ಬಳೆಯ (ಇದನ್ನು ‘ಫೆರೂಲ್’ ಎನ್ನುತ್ತಾರೆ) ಮುಖವನ್ನು ಅರದಿಂದ ಸಮತಟ್ಟು ಮಾಡಿ, ಹೊಸ ಚರ್ಮವನ್ನು ಅಂಟಿನಿಂದ ಕೂರಿಸಿ, ಕೋಲನ್ನು ತಲೆಕೆಳಗಾಗಿ ಒತ್ತಿ ಹಿಡಿದು, ಒಣಗಿದ ಮೇಲೆ ಹೊರಚಾಚಿದ ಅಂಚನ್ನು ಕತ್ತರಿಸಿ, ಉಪ್ಪುಕಾಗದದಿಂದ ಗುಮ್ಮಟದಂತೆ ದುಂಡಗೆ ಉಜ್ಜುವಷ್ಟರಲ್ಲಿ, ಯಾವ ವಿಲಾಯಿತಿ ಕಂಪನಿಯ ಕೋಲೇ ಆಗಿದ್ದರೂ ಅದು ಆ ಮಾರ್ಕರನ ಕೋಲಾಗಿರುತ್ತಿತ್ತು. ಯಾವ ಸದಸ್ಯರಿಗೆ ಯಾವ ಕೋಲು ಒಗ್ಗುತ್ತದೆಂದು ಅವನಿಗೆ ಗೊತ್ತಿತ್ತು, ಚೌಕಟ್ಟಿನಿಂದ ಅದನ್ನೇ ತೆಗೆದು ಕೊಡುತ್ತಿದ್ದ.

ಮುಂಬಯಿಯ ಆಟಗಾರ ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದು, ವೈಯಕ್ತಿಕ ಕ್ರೀಡೆಯೊಂದರಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯರೆನಿಸಿದರು. 1964ರಲ್ಲಿ ಅದನ್ನು ಮತ್ತೆ ಗೆದ್ದರು. ಅದೇ ನಗರದ ಮೈಕಲ್ ಫೆರೇರಾ 1977, 1981 ಮತ್ತು 1983ರಲ್ಲಿ ಚಾಂಪಿಯನ್ ಆದರು. ಆಮದಿನ ಮೇಲೆ ಬಿಗಿ ಕಟ್ಟುಪಾಡು ಇದ್ದ ದಶಕಗಳಿವು. ಒಳ್ಳೆಯ ಕೋಲು ಬೇಕೆಂದರೆ ವಿದೇಶಕ್ಕೆ ಹೋಗಿಬರುವವರ ಕೈಯಲ್ಲಿ ತರಿಸಬೇಕು, ಇಲ್ಲವೇ ಕ್ಲಬ್ಬಿನ ಹಳೆಯ ದಾಸ್ತಾನಿನಲ್ಲಿ ನೆಟ್ಟಗಿರುವುದೊಂದನ್ನು ಹುಡುಕಿಕೊಳ್ಳಬೇಕು. ಗ್ರಾಹಕ ವಸ್ತುಗಳ ಆಮದಿನ ಮೇಲೆ ಉಳಿದಿದ್ದ ಪರಿಮಾಣ ನಿರ್ಬಂಧಗಳನ್ನು ಕೇಂದ್ರ ಸರ್ಕಾರ ಪೂರ್ತಿಯಾಗಿ ಕೈಬಿಟ್ಟದ್ದು 2001ರ ಏಪ್ರಿಲ್ 1ರಂದು. ತಯಾರಕರ ಪೈಪೋಟಿಯ ನಡುವೆ ನಿಂತು ಆಯ್ಕೆ ಮಾಡುವ ಇಂದಿನ ತಲೆನೋವು ಈ ನಾಡಿನಲ್ಲಿ ವ್ಯಾಪಕವಾದದ್ದು ಆ ತೆರವಿನ ನಂತರವೇ. ಅದಕ್ಕೆ ಕಾಲು ಶತಮಾನದ ವಯಸ್ಸಷ್ಟೇ.

ಥಾಣೆ ಖಾಡಿ ಎಂಬ ಸಮುದ್ರದ ಕಿರುಚಾಚಿನ ಪೂರ್ವ ದಂಡೆಯಲ್ಲಿರುವ ರಬಾಳೆಗೂ ಈ ಕಾಲಗಣನೆ ಹೊಂದುತ್ತದೆ. ಆಗ್ರಿ ಮತ್ತು ಕೋಳಿ ಸಮುದಾಯಗಳ ಗದ್ದೆ, ಉಪ್ಪಿನಮಡಿ, ಮೀನುಗಾರಿಕೆಯ ಈ ಸೀಮೆಯನ್ನು 1960ರ ದಶಕದಿಂದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಥಾಣೆ–ಬೇಲಾಪುರ ರಸ್ತೆಯುದ್ದಕ್ಕೂ ಕಾರ್ಖಾನೆಗಳ ಪಟ್ಟಿಯಾಗಿ ಬೆಳೆಸಿತು. 1970ರಲ್ಲಿ ಸ್ಥಾಪನೆಯಾದ ಸಿಡ್ಕೋ ಸಂಸ್ಥೆ ಅದರ ಸುತ್ತ ನವಿ ಮುಂಬಯಿಯನ್ನು ಕಟ್ಟಿತು. 1992ರಲ್ಲಿ ಮಹಾನಗರಪಾಲಿಕೆ ಬಂತು. 2004ರಲ್ಲಿ ಥಾಣೆಯಿಂದ ವಾಶಿಗೆ ಲೋಕಲ್ ರೈಲು ಓಡತೊಡಗಿದ ಮೇಲೆ ಐರೋಳಿ, ರಬಾಳೆ, ಘಣಸೋಳಿಗಳು ಒಂದೇ ಉಸಿರಿನಲ್ಲಿ ಹೇಳುವ ಹೆಸರುಗಳಾದವು. ದಕ್ಷಿಣ ಮುಂಬಯಿಯ ಜಿಮ್ಖಾನಾಗಳಲ್ಲಿದ್ದಂತೆ ತಲೆಮಾರುಗಳ ಸದಸ್ಯತ್ವ ಇಂಥ ಹೊಸ ಊರುಗಳಲ್ಲಿಲ್ಲ. ಇಲ್ಲಿ ಆಟ ಬಂದದ್ದು ಮೇಜಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಪಡೆಯುವ ಪಾರ್ಲರ್‌ಗಳ ಮೂಲಕ, ಅದರಲ್ಲೂ ಸಣ್ಣ ಮೇಜಿನ, ಬೇಗ ಮುಗಿಯುವ ಪೂಲ್ ಆಟವಾಗಿ. ಪಾರ್ಲರಿನಲ್ಲಿ ಹಳೆಯ ಅರ್ಥದ ಮಾರ್ಕರ್ ಇಲ್ಲ, ಎಲ್ಲರ ಕೈ ದಾಟಿ ಮೊನೆ ಸವೆದ ‘ಹೌಸ್ ಕ್ಯೂ’ಗಳಿವೆ, ಎರಡು ಮೂರು ತಿಂಗಳು ಅದರಲ್ಲಿ ಆಡಿದವನಿಗೆ ಸ್ವಂತದ್ದೊಂದು ಬೇಕೆನಿಸುವುದು ಸಹಜ.

ಆ ಹಂತದಲ್ಲಿ ಎದುರಾಗುವ ಹೆಸರುಗಳು ಎರಡು ಬೇರೆ ಪರಂಪರೆಗಳಿಂದ ಬಂದವು, ಮತ್ತು ಇವೆರಡನ್ನು ಬೆರೆಸಿಕೊಳ್ಳುವುದೇ ಹೊಸಬರು ಮಾಡುವ ದೊಡ್ಡ ತಪ್ಪು. ಸ್ನೂಕರಿನ ಚೆಂಡು 52.5 ಮಿಲಿಮೀಟರ್ ವ್ಯಾಸದ್ದು, ಹಗುರ. ಅದಕ್ಕೆ 9ರಿಂದ 10 ಮಿಲಿಮೀಟರಿನ ಮೊನೆ, ಹಿತ್ತಾಳೆಯ ಬಳೆ, ಸಾಮಾನ್ಯವಾಗಿ ಆ್ಯಶ್ ಎಂಬ ಶೀತವಲಯದ ಮರದ ಕೋಲು. ಪೂಲ್ ಚೆಂಡು 57 ಮಿಲಿಮೀಟರ್, ಭಾರ ಹೆಚ್ಚು; ಅದಕ್ಕೆ 12–13 ಮಿಲಿಮೀಟರಿನ ಮೊನೆ, ನಯವಾದ ಮೇಪಲ್ ಮರ. ತೂಕವನ್ನು ಮಾತ್ರ ಮೆಟ್ರಿಕ್ ಪದ್ಧತಿ ಬಂದು ಇಷ್ಟು ವರ್ಷವಾದರೂ ಔನ್ಸಿನಲ್ಲೇ ಹೇಳುತ್ತಾರೆ. 18 ಔನ್ಸ್ ಎಂದರೆ ಸುಮಾರು 510 ಗ್ರಾಂ.

ಸ್ನೂಕರ್ ಕೋಲಿನಲ್ಲಿ ಇಂಗ್ಲೆಂಡಿನ ಪೆರಡಾನ್, ರೈಲಿ, ಜಾನ್ ಪ್ಯಾರಿಸ್, ಥಾಯ್ಲೆಂಡಿನ ಓ’ಮಿನ್ ಮುಂತಾದವು ಬಲ್ಲವರ ಬಾಯಲ್ಲಿರುವ ಹೆಸರುಗಳು. ಪೂಲಿನ ಪರಂಪರೆ ಅಮೆರಿಕದ್ದು: ರಷ್ಯಾದಿಂದ ಬಾಲ್ಯದಲ್ಲೇ ವಲಸೆ ಬಂದ ಜಾರ್ಜ್ ಬಲಬುಷ್ಕಾ 1959ರಿಂದ 1975ರಲ್ಲಿ ತೀರಿಕೊಳ್ಳುವವರೆಗೆ ಒಬ್ಬನೇ ಕೂತು ಮಾಡಿದ ಕೋಲುಗಳು ಇಂದು ಸಂಗ್ರಾಹಕರ ಆಸ್ತಿ. 1986ರ ‘ದಿ ಕಲರ್ ಆಫ್ ಮನಿ’ ಚಿತ್ರದಿಂದ ಆ ಹೆಸರು ಲೋಕಪ್ರಸಿದ್ಧವಾಯಿತು. ತಮಾಷೆಯೆಂದರೆ ತೆರೆಯ ಮೇಲೆ ಬಲಬುಷ್ಕಾ ಎಂದು ಮೆರೆದದ್ದು ಜಾಸ್ ಎಂಬ ಬೇರೊಂದು ಕಂಪನಿಯ ಕೋಲು. 1994ರಲ್ಲಿ ಪ್ರಿಡೇಟರ್ ಕಂಪನಿ ಕೋಲಿನ ಮುಂಭಾಗವನ್ನು ಮರದ ಸೀಳುಗಳನ್ನು ವೃತ್ತಾಕಾರವಾಗಿ ಅಂಟಿಸಿ ಮಾಡತೊಡಗಿದಾಗ ಪೈಪೋಟಿಯ ಭಾಷೆಯೇ ಬದಲಾಯಿತು: ಚೆಂಡನ್ನು ಬದಿಗೆ ತಾಗಿಸಿದಾಗ ಅದು ಗುರಿಯ ಗೆರೆಯಿಂದ ತುಸು ಸರಿಯುವುದಕ್ಕೆ ‘ಡಿಫ್ಲೆಕ್ಷನ್’ ಎನ್ನುತ್ತಾರೆ, ತುದಿಯ ತೂಕ ಕಡಿಮೆಯಾದಷ್ಟೂ ಈ ಸರಿತ ಕಡಿಮೆ. ಜಪಾನಿನ ಮೆಝ್ ಮೊದಲಾದವರೂ ಇದೇ ಹಾದಿ ಹಿಡಿದರು, 2010ರ ದಶಕದಲ್ಲಿ ಕಾರ್ಬನ್ ಫೈಬರ್ ಕೋಲುಗಳು ಬಂದವು. ಇದು ಹುಸಿ ಪ್ರಚಾರವಲ್ಲ, ಭೌತಶಾಸ್ತ್ರ. ಆದರೆ ಇದರ ಲಾಭ ಸಿಗುವುದು ಪ್ರತಿ ಸಲವೂ ಒಂದೇ ಜಾಗಕ್ಕೆ ಹೊಡೆಯಬಲ್ಲ ಕೈಗೆ.

ಹೆಸರಿನ ಬೆಲೆಯೆಷ್ಟು ಎಂಬುದಕ್ಕೆ ಸ್ಟೀಫನ್ ಹೆಂಡ್ರಿಯ ಉದಾಹರಣೆ ಸಾಕು. 1990ರಿಂದ 1999ರೊಳಗೆ ಏಳು ಸಲ ವೃತ್ತಿಪರ ಸ್ನೂಕರಿನ ವಿಶ್ವ ಪ್ರಶಸ್ತಿ ಗೆದ್ದ ಈ ಸ್ಕಾಟ್ಲೆಂಡಿನ ಆಟಗಾರ ಬಳಸಿದ್ದು ಹುಡುಗನಾಗಿದ್ದಾಗ ಸಿಕ್ಕ, 40 ಪೌಂಡ್ ಬೆಲೆಯ ಸಾಮಾನ್ಯ ಕೋಲನ್ನು. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಅದು ಮುರಿಯುವವರೆಗೆ ಬದಲಿಸಿರಲಿಲ್ಲ. 2024ರವರೆಗೆ 28 ವಿಶ್ವ ಪ್ರಶಸ್ತಿ ಗೆದ್ದ ಬೆಂಗಳೂರಿನ ಪಂಕಜ್ ಅಡ್ವಾಣಿ ಬೆಳೆದದ್ದೂ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳ ಮೇಲೆ, ಅರವಿಂದ ಸವೂರರ ಶಿಕ್ಷಣದಲ್ಲಿ. ಅಲ್ಲಿ ಮೊದಲ ಪಾಠ ನಿಲುವಿನದು, ಕೋಲಿನದಲ್ಲ.

ಹಾಗಾದರೆ ಕೊಳ್ಳುವವರು ನೋಡಬೇಕಾದ್ದು ಮರವನ್ನು. ಆ್ಯಶ್ ಕೋಲಿನ ಮೇಲ್ಮೈಯಲ್ಲಿ ಬಾಣದ ತುದಿಯಂಥ ಗೆರೆಗಳು ಒಂದರ ಹಿಂದೊಂದು ಸಾಲಾಗಿ ಬರಬೇಕು, ಬದಿಯ ಎಳೆಗಳು ಓರೆಯಾಗಿ ಹೊರಗೆ ಓಡಬಾರದು. ಬುಡದಲ್ಲಿ ಎಬೊನಿ ಎಂಬ ಕರಿಮರ ಅಥವಾ ಬೀಟೆಯನ್ನು ನಾಲ್ಕು ನಾಲಗೆಗಳಾಗಿ ಬೆಸೆದಿರುತ್ತಾರೆ. ನಾಲಗೆಯ ತುದಿ ಮೃದುವಾಗಿ ಬಾಗಿದ್ದರೆ ಕೈಕೆಲಸ, ಸೂಜಿಯಂತೆ ಚೂಪಾಗಿದ್ದರೆ ಯಂತ್ರದ್ದು. ಮಲೆನಾಡಿನಲ್ಲಿ ಕಡಿಯಲು ಸರ್ಕಾರದ ಅಪ್ಪಣೆ ಬೇಕಾದ ಬೀಟೆಯ ಕುಲವಿಡೀ 2017ರ ಜನವರಿಯಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿದೆ. ಕೋಲನ್ನು ಲೇತಿನಲ್ಲಿ ಒಂದೇ ಸಲಕ್ಕೆ ತಿರುವಿ ಮುಗಿಸುವುದಿಲ್ಲ. ಸ್ವಲ್ಪ ತೆಗೆದು, ವಾರಗಳ ಕಾಲ ತೂಗುಹಾಕಿ, ಬಾಗಿದ್ದನ್ನು ಬಿಸಾಡಿ, ಉಳಿದದ್ದನ್ನು ಮತ್ತೆ ತಿರುವುತ್ತಾರೆ. ಚನ್ನಪಟ್ಟಣದ ಲೇತಿನ ಕುಶಲಿಗಳಿಗೆ ಈ ಕೈಚಳಕ ಹೊಸದಲ್ಲ, ಆದರೆ ಅವರ ಹಾಲೆಮರ ಈ ಪೆಟ್ಟಿಗೆ ತೀರ ಮೃದು.

ಅಂಗಡಿಯಲ್ಲಿ ಕೋಲನ್ನು ಮೇಜಿನ ಮೇಲೆ ಉರುಳಿಸಿ ನೋಡುವ ರೂಢಿಯಿದೆ. ಬುಡ ದಪ್ಪ, ತುದಿ ಸಣ್ಣ ಇರುವ ವಸ್ತುವಿಗೆ ಅದು ಪೂರ್ತಿ ನಂಬುವ ಪರೀಕ್ಷೆಯಲ್ಲ; ಬುಡವನ್ನು ಕಣ್ಣಿಗೆ ಹಿಡಿದು, ಬಡಗಿ ರೀಪಿನ ನೇರ ನೋಡುವಂತೆ, ತುದಿಯವರೆಗೆ ದೃಷ್ಟಿ ಹಾಯಿಸುತ್ತ ನಿಧಾನವಾಗಿ ತಿರುಗಿಸುವುದು ಮೇಲು. 57 ಅಂಗುಲದ ಒಂಟಿ ಕೋಲು ಕೇಳಲು ಚೆಂದವಾದರೂ ಸಂಜೆಯ ಥಾಣೆ ಲೋಕಲಿನಲ್ಲಿ ಅದನ್ನು ಹಿಡಿದು ನಿಲ್ಲುವುದಾಗದು. ರಬಾಳೆಯವರಿಗೆ ನಡುವೆ ತಿರುಪಿರುವ ಎರಡು ತುಂಡಿನದೇ ಸರಿ. ಖಾಡಿಯ ದಂಡೆಯ ಹವೆಯೇ ಕೊನೆಯ ಪರೀಕ್ಷಕ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವವನ್ನು ಆ್ಯಶ್ ಮರ ಹೀರಿಕೊಳ್ಳುತ್ತದೆ, ಗೋಡೆಗೆ ಒರಗಿಸಿಟ್ಟರೆ ಬಾಗುತ್ತದೆ, ಅದಕ್ಕೆಂದೇ ಅಗಸೆ ಎಣ್ಣೆಯನ್ನು ಒಣಬಟ್ಟೆಯಲ್ಲಿ ತಿಕ್ಕಿ, ಪೆಟ್ಟಿಗೆಯಲ್ಲಿ ಮಲಗಿಸಿ ಇಡುತ್ತಾರೆ. ಎರಡು ಕಂಪನಿಗಳ ನಡುವೆ ಮನಸ್ಸು ತೂಗಾಡುವವರು ದುಬಾರಿಯದನ್ನು ಬಿಟ್ಟು, ಉಳಿದ ಹಣದಲ್ಲಿ ಒಳ್ಳೆಯ ನಾಲ್ಕು ಟಿಪ್ಪುಗಳನ್ನೂ ಒಂದು ಗಟ್ಟಿ ಪೆಟ್ಟಿಗೆಯನ್ನೂ ಕೊಳ್ಳುವುದು ಲೇಸು.